ಜಿಮೇಲ್ ಫಿಲ್ಟರ್‌ಗಳಿಂದ ಇನ್‌ಬಾಕ್ಸ್ ಅಚ್ಚುಕಟ್ಟಾಗಿಡುವ ಕ್ರಮ

ವಿದ್ಯುತ್ ಬಿಲ್, ಬ್ಯಾಂಕಿನ ಸ್ಟೇಟ್‌ಮೆಂಟ್, ರೈಲು ಟಿಕೆಟ್, ಆದಾಯ ತೆರಿಗೆ ಇಲಾಖೆಯ ಸೂಚನೆ, ಮಕ್ಕಳ ಶಾಲೆಯ ಸುತ್ತೋಲೆ, ಎಂದೋ ಒಮ್ಮೆ ಚಪ್ಪಲಿ ಕೊಂಡ ಅಂಗಡಿಯಿಂದ ದಿನವೂ ಬರುವ ರಿಯಾಯಿತಿಯ ಘೋಷಣೆ, ಇವೆಲ್ಲವೂ ಇನ್‌ಬಾಕ್ಸ್‌ನಲ್ಲಿ ಬಂದ ಹೊತ್ತಿನ ಕ್ರಮದಲ್ಲೇ ಒಂದರ ಮೇಲೊಂದು ಕೂರುತ್ತವೆ. ಯಾವುದು ತುರ್ತು, ಯಾವುದು ಬರಿಯ ಜಾಹೀರಾತು ಎಂಬುದನ್ನು ದಿನವೂ ಕಣ್ಣಿನಿಂದಲೇ ಆರಿಸುವುದು ಬೇಸರದ ಕೆಲಸ. ಬೇಸರ ಹೆಚ್ಚಿದಂತೆ ಮುಖ್ಯವಾದ ಪತ್ರವೇ ಕಣ್ತಪ್ಪಿಹೋಗುವ ಸಂಭವವೂ ಹೆಚ್ಚು. ಪತ್ರ ಬಂದ ಕ್ಷಣದಲ್ಲೇ ಅದರ ವಿಳಾಸ, ವಿಷಯ ಅಥವಾ ಒಳಗಿನ ಪದಗಳನ್ನು ನೋಡಿ, ನಾವು ಮೊದಲೇ ಹೇಳಿಟ್ಟ ಕೆಲಸವನ್ನು ತಾನಾಗಿ ಮಾಡುವ ನಿಯಮಕ್ಕೆ ಫಿಲ್ಟರ್ ಎನ್ನುತ್ತಾರೆ. ನಮ್ಮಲ್ಲಿ ಬಹಳ ಜನ ಬಳಸುವ ಜಿಮೇಲ್‌ನಲ್ಲಿ ಈ ನಿಯಮಗಳನ್ನು ರೂಪಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ. ಆಯ್ಕೆಗಳ ಹೆಸರುಗಳನ್ನು ಇಂಗ್ಲಿಷ್ ಭಾಷೆಯ ಪರದೆಯಲ್ಲಿ ಕಾಣುವಂತೆಯೇ ಕೊಟ್ಟಿದೆ.

ಫಿಲ್ಟರ್ ಮಾಡಲು ಹೊರಟವರು ಸಾಮಾನ್ಯವಾಗಿ ಕಳುಹಿಸಿದವರ ಹೆಸರಿನಿಂದ ಆರಂಭಿಸುತ್ತಾರೆ: ಬ್ಯಾಂಕಿಗೆ ಒಂದು, ಅಂಗಡಿಗೆ ಒಂದು, ಶಾಲೆಗೆ ಒಂದು. ನನ್ನ ಅಭಿಪ್ರಾಯದಲ್ಲಿ ಇದು ತಪ್ಪು ತುದಿಯಿಂದ ಹಿಡಿದಂತೆ, ಏಕೆಂದರೆ ಒಂದೇ ಬ್ಯಾಂಕು ಇಂದು ಕ್ರೆಡಿಟ್ ಕಾರ್ಡಿನ ಬಾಕಿ ಕಟ್ಟುವ ಕೊನೆಯ ದಿನಾಂಕವನ್ನು ತಿಳಿಸುತ್ತದೆ, ನಾಳೆ ವೈಯಕ್ತಿಕ ಸಾಲದ ಆಮಿಷ ಒಡ್ಡುತ್ತದೆ. ಬದಲಿಗೆ ಆ ಪತ್ರ ಬಂದಾಗ ನಾವು ಮಾಡಬೇಕಾದ ಕೆಲಸವೇನು ಎಂದು ಕೇಳಿಕೊಳ್ಳಬೇಕು. ಗಡುವಿನೊಳಗೆ ಏನಾದರೂ ಮಾಡಬೇಕಾದವು ಕೆಲವು, ಓದದಿದ್ದರೂ ಮುಂದೆಂದಾದರೂ ಬೇಕಾಗಬಹುದೆಂದು ಇಟ್ಟುಕೊಳ್ಳಬೇಕಾದವು ಕೆಲವು, ಬಿಡುವಿದ್ದಾಗ ನೋಡಿದರೆ ಸಾಕೆನ್ನುವವು ಇನ್ನು ಕೆಲವು. ಮೊದಲನೆಯ ಬಗೆಯ ಪತ್ರ ಎಂದಿಗೂ ಇನ್‌ಬಾಕ್ಸ್‌ನಿಂದ ಮರೆಯಾಗಬಾರದು. ಉಳಿದೆರಡನ್ನು ಮಾತ್ರ ಫಿಲ್ಟರ್ ಬದಿಗೆ ಸರಿಸಬಹುದು.

ಯಾವ ಕಾಲಕ್ಕೂ ಬೇಡವಾದ ಪತ್ರಗಳಿಗೆ ಫಿಲ್ಟರ್ ಕಟ್ಟುವ ಶ್ರಮ ಬೇಕಿಲ್ಲ. ನಾವೇ ಎಂದೋ ಒಪ್ಪಿಗೆ ಕೊಟ್ಟ ಅಂಗಡಿಯ ಪತ್ರವಾಗಿದ್ದರೆ ಅನ್‌ಸಬ್‌ಸ್ಕ್ರೈಬ್ ಒತ್ತಿದರಾಯಿತು. ಗುರುತು ಪರಿಚಯವಿಲ್ಲದ ಕಡೆಯಿಂದ ಬಂದದ್ದಾದರೆ, ಅದರೊಳಗಿನ ಯಾವ ಕೊಂಡಿಯನ್ನೂ ಮುಟ್ಟದೆ ರಿಪೋರ್ಟ್ ಸ್ಪ್ಯಾಮ್ ಎನ್ನುವುದೇ ಕ್ಷೇಮ. ಈ ಕಳೆ ಕೀಳುವ ಕೆಲಸವನ್ನು ಮೊದಲು ಮುಗಿಸಿಕೊಂಡರೆ ಉಳಿಯುವ ಪತ್ರಗಳಿಗೆ ಬೇಕಾಗುವ ಫಿಲ್ಟರ್‌ಗಳು ಬೆರಳೆಣಿಕೆಯಷ್ಟೇ ಎಂಬುದು ಗೊತ್ತಾಗುತ್ತದೆ.

ಲೇಬಲ್ ಮತ್ತು ಆರ್ಕೈವ್

2004ರ ಏಪ್ರಿಲ್ 1ರಂದು ಜಿಮೇಲ್ ಆರಂಭವಾದಾಗ, ಆವರೆಗೆ ರೂಢಿಯಲ್ಲಿದ್ದ ಫೋಲ್ಡರ್‌ಗಳ ಬದಲು ಲೇಬಲ್ ಎಂಬ ಪದ್ಧತಿಯನ್ನು ತಂದಿತು. ಫೋಲ್ಡರ್‌ನಲ್ಲಿ ಒಂದು ಪತ್ರ ಒಂದೇ ಕಡೆ ಇರಬಲ್ಲದು. ಲೇಬಲ್ ಪತ್ರದ ಮೇಲೆ ಅಂಟಿಸಿದ ಚೀಟಿ ಮಾತ್ರವಾದ್ದರಿಂದ ಒಂದೇ ಪತ್ರಕ್ಕೆ ‘ತೆರಿಗೆ’, ‘ಬ್ಯಾಂಕ್’ ಎಂಬ ಎರಡು ಚೀಟಿಗಳೂ ಇರಬಹುದು. ಇನ್‌ಬಾಕ್ಸ್ ಎಂಬುದೂ ಅಂಥದೇ ಒಂದು ಚೀಟಿ. ಪತ್ರವನ್ನು ಆರ್ಕೈವ್ ಮಾಡಿದಾಗ ಆ ಚೀಟಿಯೊಂದು ಕಳಚಿಕೊಳ್ಳುತ್ತದೆಯೇ ಹೊರತು ಪತ್ರ ಅಳಿಯುವುದಿಲ್ಲ. ಅದು ಆಲ್ ಮೇಲ್ ಎಂಬಲ್ಲಿ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಫಿಲ್ಟರ್ ರಚಿಸುವ ವಿಧಾನ

ಈ ಕೆಲಸಕ್ಕೆ ಕಂಪ್ಯೂಟರಿನ ಬ್ರೌಸರ್‌ನಲ್ಲಿ ಜಿಮೇಲ್ ತೆರೆಯಬೇಕು, ಏಕೆಂದರೆ ಮೊಬೈಲಿನ ಜಿಮೇಲ್ ಆ್ಯಪ್‌ನಲ್ಲಿ ಫಿಲ್ಟರ್ ರಚಿಸುವ ಅವಕಾಶವಿಲ್ಲ. ಆದರೆ ನಿಯಮಗಳು ಗೂಗಲ್‌ನ ಸರ್ವರ್‌ನಲ್ಲೇ ಕೆಲಸ ಮಾಡುವುದರಿಂದ, ಕಂಪ್ಯೂಟರಿನಲ್ಲಿ ಒಮ್ಮೆ ರಚಿಸಿದ ಫಿಲ್ಟರ್ ಮೊಬೈಲಿನಲ್ಲಿ ನೋಡುವ ಇನ್‌ಬಾಕ್ಸ್‌ಗೂ ಅನ್ವಯಿಸುತ್ತದೆ. ಪುಟದ ಮೇಲ್ಭಾಗದ ಹುಡುಕಾಟದ ಪೆಟ್ಟಿಗೆಯ ಬಲತುದಿಯಲ್ಲಿರುವ ಚಿಕ್ಕ ಚಿಹ್ನೆಯನ್ನು ಒತ್ತಿದರೆ ಒಂದು ನಮೂನೆ ತೆರೆದುಕೊಳ್ಳುತ್ತದೆ. ಅದರಲ್ಲಿ ಫ್ರಮ್, ಟು, ಸಬ್ಜೆಕ್ಟ್, ಪತ್ರದಲ್ಲಿ ಇರಬೇಕಾದ ಪದಗಳು, ಇರಬಾರದ ಪದಗಳು, ಗಾತ್ರ, ಜೊತೆಗೆ ಅಟ್ಯಾಚ್‌ಮೆಂಟ್ ಇದೆಯೇ ಎಂಬ ಚೌಕ, ಇವೆಲ್ಲ ಇರುತ್ತವೆ. ಬೇಕಾದಷ್ಟನ್ನು ಮಾತ್ರ ತುಂಬಿ, ಕೂಡಲೇ ‘ಕ್ರಿಯೇಟ್ ಫಿಲ್ಟರ್’ ಒತ್ತದೆ, ಮೊದಲು ‘ಸರ್ಚ್’ ಒತ್ತಿ ನೋಡಬೇಕು. ಈವರೆಗೆ ಬಂದ ಪತ್ರಗಳ ಪೈಕಿ ಆ ಷರತ್ತಿಗೆ ಯಾವುವು ಸಿಗುತ್ತವೆ ಎಂಬುದು ಆಗ ಕಣ್ಣೆದುರೇ ಇರುತ್ತದೆ. ಪಟ್ಟಿಯಲ್ಲಿ ಸಂಬಂಧವಿಲ್ಲದ ಪತ್ರ ಕಂಡರೆ ಷರತ್ತು ಸಡಿಲವಾಗಿದೆ, ಇರಬೇಕಾದದ್ದು ಕಾಣದಿದ್ದರೆ ಬಿಗಿಯಾಗಿದೆ ಎಂದರ್ಥ. ತಿದ್ದಿ, ಮತ್ತೆ ಹುಡುಕಿ, ತೃಪ್ತಿಯಾದ ಮೇಲೆ ಅದೇ ನಮೂನೆಗೆ ಮರಳಿ ‘ಕ್ರಿಯೇಟ್ ಫಿಲ್ಟರ್’ ಒತ್ತಬೇಕು.

ಷರತ್ತುಗಳಲ್ಲಿ ಅತ್ಯಂತ ನಂಬಲರ್ಹವಾದುದು ಕಳುಹಿಸಿದವರ ಪೂರ್ಣ ವಿಳಾಸ. ಪತ್ರದ ತಲೆಯಲ್ಲಿ ದಪ್ಪಕ್ಷರದಲ್ಲಿ ಕಾಣುವ ಹೆಸರನ್ನು ಯಾರು ಬೇಕಾದರೂ ಏನೆಂದು ಬೇಕಾದರೂ ಇಟ್ಟುಕೊಳ್ಳಬಹುದಾದ್ದರಿಂದ ಅದನ್ನು ನೆಚ್ಚಿಕೊಳ್ಳಬಾರದು. ಹೆಸರಿನ ಕೆಳಗೆ ‘ಟು ಮಿ’ ಎಂದಿರುವ ಕಡೆಯ ಸಣ್ಣ ಬಾಣವನ್ನು ಒತ್ತಿದರೆ ನಿಜವಾದ ವಿಳಾಸ ತೋರುತ್ತದೆ. ಅನೇಕ ಬ್ಯಾಂಕುಗಳು ವ್ಯವಹಾರದ ಸೂಚನೆಗೆ ಒಂದು ವಿಳಾಸ, ಸ್ಟೇಟ್‌ಮೆಂಟ್‌ಗೆ ಇನ್ನೊಂದು, ಜಾಹೀರಾತಿಗೆ ಮತ್ತೊಂದು ಬಳಸುತ್ತವೆ. ಅಂಥಲ್ಲಿ ಜಾಹೀರಾತಿನ ವಿಳಾಸವೊಂದನ್ನೇ ಹಿಡಿದು ಬದಿಗೆ ಸರಿಸಬಹುದು, ಉಳಿದವುಗಳಿಗೆ ತೊಂದರೆಯಾಗುವುದಿಲ್ಲ. ಎಲ್ಲವೂ ಒಂದೇ ವಿಳಾಸದಿಂದ ಬರುವುದಾದರೆ ವಿಷಯದ ಸಾಲಿನಲ್ಲಿ ಪ್ರತಿಬಾರಿಯೂ ಬರುವ ಪದಗುಚ್ಛವನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಸೇರಿಸಬೇಕು. ಹಾಗೆ ಮಾಡಿದಾಗ ಆ ಪದಗಳು ಅದೇ ಕ್ರಮದಲ್ಲಿ ಬಂದರೆ ಮಾತ್ರ ಫಿಲ್ಟರ್ ಹಿಡಿಯುತ್ತದೆ. ಎರಡು ಮೂರು ವಿಳಾಸಗಳನ್ನು ಒಂದೇ ಫಿಲ್ಟರ್‌ಗೆ ತರಬೇಕಿದ್ದರೆ ಅವುಗಳ ನಡುವೆ ‘ಅಥವಾ’ ಎಂಬರ್ಥದ ಇಂಗ್ಲಿಷ್ ಪದ ‘ಆರ್’ ಅನ್ನು ದೊಡ್ಡಕ್ಷರಗಳಲ್ಲೇ ಬರೆಯಬೇಕು, ಸಣ್ಣಕ್ಷರದಲ್ಲಿ ಬರೆದರೆ ಅದನ್ನು ಸಾಮಾನ್ಯ ಪದವೆಂದು ಭಾವಿಸಲಾಗುತ್ತದೆ.

ಬ್ಯಾಂಕುಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಗ್ರಾಹಕರನ್ನು ವಂಚಿಸುವ ನಕಲಿ ತಾಣಗಳ ಹಾವಳಿಯನ್ನು ತಡೆಯಲು ಭಾರತೀಯ ರಿಸರ್ವ್ ಬ್ಯಾಂಕ್, ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ಡೊಮೇನ್‌ಗೆ ಬದಲಾಗಬೇಕೆಂದು ಸೂಚಿಸಿತು. ಆದ್ದರಿಂದ ಅದಕ್ಕೂ ಹಿಂದೆ ರಚಿಸಿದ ಫಿಲ್ಟರ್‌ನಲ್ಲಿ ಹಳೆಯ ವಿಳಾಸವೇ ಉಳಿದಿದ್ದರೆ, ಬ್ಯಾಂಕಿನಿಂದ ಇತ್ತೀಚೆಗೆ ಬಂದ ಪತ್ರವೊಂದನ್ನು ತೆರೆದು, ಕಳುಹಿಸಿದ ವಿಳಾಸ ಬದಲಾಗಿದೆಯೇ ಎಂದು ಹೋಲಿಸಿ ನೋಡುವುದು ಒಳಿತು. ವಿಳಾಸ ಬದಲಾದ ಮೇಲೆ ಹಳೆಯ ಫಿಲ್ಟರ್ ಸದ್ದಿಲ್ಲದೆ ನಿಷ್ಫಲವಾಗುತ್ತದೆ, ಯಾವ ಸೂಚನೆಯನ್ನೂ ಕೊಡುವುದಿಲ್ಲ.

ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಸಂಘ ಸಂಸ್ಥೆಗಳ ಸದಸ್ಯರು ಗಮನಿಸಬೇಕಾದ ಅಂಶವೊಂದಿದೆ. ಜಿಮೇಲ್‌ನ ಹುಡುಕಾಟ ಇಡಿಯ ಪದವನ್ನು ನೋಡುತ್ತದೆಯೇ ಹೊರತು ಪದದ ಒಳಗಿನ ತುಣುಕನ್ನಲ್ಲ. ನಮ್ಮಲ್ಲಾದರೋ ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುತ್ತವೆ. ಹಾಗಾಗಿ ‘ಸಭೆ’ ಎಂದಷ್ಟೇ ಷರತ್ತು ಕೊಟ್ಟು, ‘ಸಭೆಗೆ’, ‘ಸಭೆಯ’, ‘ಸಭೆಯಲ್ಲಿ’ ಎಂದಿರುವ ಪತ್ರಗಳೂ ಸಿಗುತ್ತವೆಂದು ನಂಬಿ ಕೂರುವಂತಿಲ್ಲ. ಬೇಕಾದ ರೂಪಗಳನ್ನೆಲ್ಲ ಒಂದೊಂದಾಗಿ ಸೇರಿಸಬಹುದು, ಆದರೆ ಅದಕ್ಕಿಂತ ಕಳುಹಿಸುವವರ ವಿಳಾಸವನ್ನೋ ಗುಂಪಿನ ವಿಳಾಸವನ್ನೋ ಹಿಡಿಯುವುದು ಹೆಚ್ಚು ಭದ್ರ. ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘದಂಥ ಕಡೆ ಬರೆಯುವವರು ಹಲವರಿದ್ದರೂ ಎಲ್ಲರೂ ಒಂದೇ ಗುಂಪು ವಿಳಾಸಕ್ಕೆ ಬರೆಯುತ್ತಾರೆ. ಅದನ್ನು ‘ಟು’ ಎಂಬಲ್ಲಿ ತುಂಬಿದರೆ ಒಂದೇ ಫಿಲ್ಟರ್ ಸಾಕು.

ಯಾವ ಕೆಲಸ ಒಪ್ಪಿಸಬೇಕು

ಷರತ್ತು ನಿಂತ ಮೇಲೆ ಪತ್ರವನ್ನು ಏನು ಮಾಡಬೇಕೆಂಬ ಪಟ್ಟಿ ಬರುತ್ತದೆ. ಇನ್‌ಬಾಕ್ಸ್ ತಪ್ಪಿಸುವುದು, ಓದಿದ್ದೆಂದು ಗುರುತಿಸುವುದು, ನಕ್ಷತ್ರ ಹಾಕುವುದು, ಲೇಬಲ್ ಹಚ್ಚುವುದು, ಬೇರೆ ವಿಳಾಸಕ್ಕೆ ಕಳುಹಿಸುವುದು, ಅಳಿಸುವುದು, ಎಂದೂ ಸ್ಪ್ಯಾಮ್‌ಗೆ ಹಾಕದಿರುವುದು, ಮುಖ್ಯವೆಂದು ಗುರುತಿಸುವುದು ಇತ್ಯಾದಿ. ಹೊಸ ಫಿಲ್ಟರ್‌ಗೆ ಮೊದಲ ದಿನವೇ ‘ಸ್ಕಿಪ್ ದಿ ಇನ್‌ಬಾಕ್ಸ್’ ಕೊಡಬಾರದು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಮೊದಲು ಲೇಬಲ್ ಮಾತ್ರ ಹಚ್ಚುವಂತೆ ಮಾಡಿ, ಒಂದೆರಡು ವಾರ ಪತ್ರಗಳು ಇನ್‌ಬಾಕ್ಸ್‌ನಲ್ಲೇ ಬರಲಿ. ಲೇಬಲ್ ತಪ್ಪು ಪತ್ರಕ್ಕೆ ಬೀಳುತ್ತಿಲ್ಲ ಎಂಬುದು ಖಚಿತವಾದ ಮೇಲೆ ಸೆಟ್ಟಿಂಗ್ಸ್‌ನ ‘ಫಿಲ್ಟರ್ಸ್ ಆ್ಯಂಡ್ ಬ್ಲಾಕ್ಡ್ ಅಡ್ರೆಸಸ್’ ವಿಭಾಗಕ್ಕೆ ಹೋಗಿ, ಅದೇ ಫಿಲ್ಟರ್ ಅನ್ನು ಎಡಿಟ್ ಮಾಡಿ, ಇನ್‌ಬಾಕ್ಸ್ ತಪ್ಪಿಸುವ ಚೌಕವನ್ನು ಸೇರಿಸಬೇಕು. ‘ಓದಿದ್ದೆಂದು ಗುರುತಿಸು’ ಎಂಬುದನ್ನು ಇದರೊಂದಿಗೆ ಸೇರಿಸಿದರೆ ಆ ಪತ್ರ ಬಂದದ್ದೇ ತಿಳಿಯುವುದಿಲ್ಲ. ಆರು ತಿಂಗಳಾದರೂ ತೆರೆಯದ ರಸೀದಿಗಳಿಗೆ ಮಾತ್ರ ಅದು ಸರಿ. ಅಳಿಸುವ ಆಯ್ಕೆಯಿಂದ ಹೋದ ಪತ್ರ ಟ್ರ್ಯಾಶ್‌ನಲ್ಲಿ 30 ದಿನ ಮಾತ್ರ ಉಳಿದು ನಂತರ ಶಾಶ್ವತವಾಗಿ ಇಲ್ಲವಾಗುವುದರಿಂದ, ಪೂರ್ಣ ವಿಳಾಸವನ್ನು ಷರತ್ತಾಗಿ ಕೊಟ್ಟಿರದ ಯಾವ ಫಿಲ್ಟರ್‌ಗೂ ಆ ಅಧಿಕಾರ ಕೊಡುವುದು ವಿವೇಕವಲ್ಲ.

‘ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್’ ಎಂಬ ಆಯ್ಕೆ ಶಾಲೆಯಂಥ ಸಣ್ಣ ಸಂಸ್ಥೆಯ ಪತ್ರ ಪದೇ ಪದೇ ಸ್ಪ್ಯಾಮ್‌ಗೆ ಹೋಗುತ್ತಿದ್ದರೆ ಬಹಳ ಉಪಯುಕ್ತ. ಆದರೆ ಅದನ್ನೂ ವಿಳಾಸಕ್ಕಷ್ಟೇ ಕಟ್ಟಬೇಕು. ‘ಬಿಲ್’ ಅಥವಾ ‘ಕೆವೈಸಿ’ ಎಂಬ ಪದಕ್ಕೆ ಕಟ್ಟಿದರೆ, ಆ ಪದ ಬರೆದ ಪ್ರತಿಯೊಬ್ಬ ವಂಚಕನಿಗೂ ಬಾಗಿಲು ತೆರೆದಿಟ್ಟ ಹಾಗಾಗುತ್ತದೆ.

ಈ ಮಾತುಗಳನ್ನು ಹಣಕಾಸಿನ ಪತ್ರಗಳಿಗೆ ಅನ್ವಯಿಸಿ ನೋಡೋಣ. ‘ಹಣಕಾಸು’ ಎಂಬ ಲೇಬಲ್ ಮಾಡಿ, ಅದರ ಒಳಗೆ ‘ಸ್ಟೇಟ್‌ಮೆಂಟ್’, ‘ತೆರಿಗೆ’, ‘ವಿಮೆ’ ಎಂಬ ಉಪಲೇಬಲ್‌ಗಳನ್ನು ಇಡಬಹುದು. ಉಳಿತಾಯ ಖಾತೆಯ ತಿಂಗಳ ಸ್ಟೇಟ್‌ಮೆಂಟ್‌ಗೆ ಬ್ಯಾಂಕಿನ ವಿಳಾಸದ ಜೊತೆ ಅಟ್ಯಾಚ್‌ಮೆಂಟ್ ಇರಬೇಕೆಂಬ ಷರತ್ತನ್ನೂ ಸೇರಿಸಿ, ಇನ್‌ಬಾಕ್ಸ್ ತಪ್ಪಿಸಿ ನೇರವಾಗಿ ಲೇಬಲ್‌ಗೆ ಕಳುಹಿಸಿದರೆ ನಷ್ಟವಿಲ್ಲ. ರಿಟರ್ನ್ ಸಲ್ಲಿಸುವ ಕಾಲದಲ್ಲಿ ಎಲ್ಲವೂ ಒಂದೆಡೆ ಸಿಗುತ್ತವೆ. ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್ ನೋಡಲು ಹಾಗೆಯೇ ಇದ್ದರೂ ಅದರಲ್ಲಿ ಹಣ ಕಟ್ಟುವ ಗಡುವು ಇರುವುದರಿಂದ ಲೇಬಲ್ ಹಚ್ಚಿ, ನಕ್ಷತ್ರ ಹಾಕಿ, ಇನ್‌ಬಾಕ್ಸ್‌ನಲ್ಲೇ ಉಳಿಸಬೇಕು. ಆದಾಯ ತೆರಿಗೆ ಇಲಾಖೆಯ ಪತ್ರಗಳಿಗಂತೂ ಇದು ಇನ್ನೂ ಹೆಚ್ಚು ಸಲ್ಲುತ್ತದೆ. ರಿಟರ್ನ್ ಸಲ್ಲಿಸಿದ 30 ದಿನಗಳೊಳಗೆ ಇ-ವೆರಿಫೈ ಮಾಡಬೇಕು, ರಿಟರ್ನ್ ದೋಷಯುಕ್ತವೆಂಬ ನೋಟಿಸ್ ಬಂದರೆ ಸಾಮಾನ್ಯವಾಗಿ 15 ದಿನಗಳೊಳಗೆ ಉತ್ತರಿಸಬೇಕು, ಮತ್ತು ಈ ಸೂಚನೆಗಳು ಇ-ಮೇಲ್ ಮೂಲಕವೇ ಬರುತ್ತವೆ. ಒಟಿಪಿ ಬರುವ ವಿಳಾಸಗಳನ್ನು ಯಾವ ಫಿಲ್ಟರ್‌ನ ಬಾಯಿಗೂ ಕೊಡಬಾರದು.

ಕೊನೆಯಲ್ಲಿ, ಈಗಾಗಲೇ ಬಂದಿರುವ ಪತ್ರಗಳಿಗೂ ಫಿಲ್ಟರ್ ಅನ್ವಯಿಸಬೇಕೇ ಎಂದು ಕೇಳುವ ಚೌಕವೊಂದು ಇರುತ್ತದೆ. ಪ್ರಯೋಗದ ಹಂತದಲ್ಲಿ ಲೇಬಲ್ ಮಾತ್ರ ಇರುವಾಗಲೇ ಅದನ್ನು ಟಿಕ್ ಮಾಡಿದರೆ ಹಳೆಯ ಪತ್ರಗಳೂ ವಿಂಗಡವಾಗುತ್ತವೆ. ಬೇರೆ ವಿಳಾಸಕ್ಕೆ ಕಳುಹಿಸುವ ಕೆಲಸ ಮಾತ್ರ ಹೊಸದಾಗಿ ಬರುವ ಪತ್ರಗಳಿಗಷ್ಟೇ ನಡೆಯುತ್ತದೆ.

ಅಂಗಡಿ, ಆ್ಯಪ್‌ಗಳಿಗೆ ವಿಳಾಸ ಕೊಡುವಾಗ ನೆರವಾಗುವ ಉಪಾಯವೊಂದಿದೆ. ಜಿಮೇಲ್ ವಿಳಾಸದಲ್ಲಿ @ ಚಿಹ್ನೆಗೆ ಮೊದಲು + ಚಿಹ್ನೆ ಹಾಕಿ ಯಾವುದೇ ಇಂಗ್ಲಿಷ್ ಪದ ಸೇರಿಸಿದರೂ ಪತ್ರ ನಮ್ಮ ಅದೇ ಇನ್‌ಬಾಕ್ಸ್‌ಗೆ ಬರುತ್ತದೆ. ಖರೀದಿಗೆಂದೇ ‘ಹೆಸರು+ಶಾಪಿಂಗ್’ ಎಂಬ ರೂಪದ ವಿಳಾಸ ಕೊಟ್ಟು, ಆ ಪೂರ್ಣ ವಿಳಾಸವನ್ನು ‘ಟು’ ಎಂಬಲ್ಲಿಟ್ಟು ಫಿಲ್ಟರ್ ಮಾಡಿದರೆ ಎಲ್ಲ ಅಂಗಡಿಗಳ ಪತ್ರಗಳೂ ಒಂದೇ ಲೇಬಲ್‌ನಡಿ ಸೇರುತ್ತವೆ. ಕೆಲವು ತಾಣಗಳು + ಚಿಹ್ನೆಯನ್ನು ಒಪ್ಪುವುದಿಲ್ಲ, ಅಲ್ಲಿ ಈ ಉಪಾಯ ನಡೆಯದು.

ಕಚೇರಿಯಲ್ಲಿ ಔಟ್‌ಲುಕ್ ಬಳಸುವವರಿಗೆ ಇದೇ ಸೌಲಭ್ಯ ‘ರೂಲ್ಸ್’ ಎಂಬ ಹೆಸರಿನಲ್ಲಿದೆ. ಅಲ್ಲಿ ನಿಯಮಗಳು ಮೇಲಿನಿಂದ ಕೆಳಕ್ಕೆ ಕ್ರಮವಾಗಿ ಜಾರಿಯಾಗುತ್ತವೆ, ಒಂದು ನಿಯಮದ ನಂತರ ಮುಂದಿನವನ್ನು ನಿಲ್ಲಿಸಲೂ ಬಹುದು. ಜಿಮೇಲ್‌ನಲ್ಲಿ ಅಂಥ ಕ್ರಮವನ್ನು ನಾವು ನಿರ್ಧರಿಸುವಂತಿಲ್ಲ.

ಇನ್‌ಬಾಕ್ಸ್ ತಪ್ಪಿಸಿದ ಪತ್ರಕ್ಕೆ ಮೊಬೈಲಿನಲ್ಲಿ ಸಾಮಾನ್ಯವಾಗಿ ಸೂಚನೆಯ ಸದ್ದು ಬರುವುದಿಲ್ಲ. ಬೇಕೆನಿಸಿದರೆ ಆ್ಯಂಡ್ರಾಯ್ಡ್‌ನ ಜಿಮೇಲ್ ಆ್ಯಪ್‌ನಲ್ಲಿ ಆ ಲೇಬಲ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಮೊದಲು ಸಿಂಕ್ ಆಗುವಂತೆ ಮಾಡಿ, ಆಮೇಲೆ ಸೂಚನೆಯನ್ನು ಚಾಲೂ ಮಾಡಬೇಕು.

ಫಿಲ್ಟರ್‌ಗಳ ಪಟ್ಟಿಯನ್ನು ಆಗಾಗ ತೆರೆದು ನೋಡಲು ಇನ್ನೂ ಒಂದು ಕಾರಣವಿದೆ. ಬೇರೆಯವರ ಇ-ಮೇಲ್ ಖಾತೆಗೆ ಕನ್ನ ಹಾಕುವವರು ಕೆಲವೊಮ್ಮೆ ಒಳಗೇ ಒಂದು ಫಿಲ್ಟರ್ ರಚಿಸಿ, ಬ್ಯಾಂಕಿನ ಇಲ್ಲವೇ ಭದ್ರತೆಯ ಎಚ್ಚರಿಕೆಯ ಪತ್ರಗಳು ಖಾತೆದಾರರ ಕಣ್ಣಿಗೆ ಬೀಳದೆ ನೇರವಾಗಿ ಟ್ರ್ಯಾಶ್ ಸೇರುವಂತೆ ಅಥವಾ ತಮ್ಮ ವಿಳಾಸಕ್ಕೆ ಹೋಗುವಂತೆ ಮಾಡಿಡುತ್ತಾರೆ. ಪಾಸ್‌ವರ್ಡ್ ಬದಲಿಸಿದರೂ ಆ ಫಿಲ್ಟರ್ ತನ್ನ ಪಾಡಿಗೆ ಕೆಲಸ ಮುಂದುವರಿಸುತ್ತದೆ. ನಾವು ರಚಿಸದ ಫಿಲ್ಟರ್ ಪಟ್ಟಿಯಲ್ಲಿ ಕಂಡರೆ ಅದನ್ನು ಅಳಿಸಿ, ಪಕ್ಕದ ‘ಫಾರ್ವರ್ಡಿಂಗ್’ ವಿಭಾಗದಲ್ಲಿ ಅಪರಿಚಿತ ವಿಳಾಸವಿದೆಯೇ ಎಂದು ಪರಿಶೀಲಿಸಿ, ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಬೇಕು. ಅದೇ ಪಟ್ಟಿಯ ಕೆಳಗಿರುವ ‘ಎಕ್ಸ್‌ಪೋರ್ಟ್’ ಗುಂಡಿಯಿಂದ ನಮ್ಮ ಫಿಲ್ಟರ್‌ಗಳನ್ನು ಕಡತವಾಗಿ ಇಳಿಸಿಕೊಳ್ಳಬಹುದು; ಮನೆಯ ಹಿರಿಯರಿಗೆ ಹೊಸ ಜಿಮೇಲ್ ಖಾತೆ ಮಾಡಿಕೊಟ್ಟಾಗ ಆ ಕಡತವನ್ನು ಅಲ್ಲಿ ‘ಇಂಪೋರ್ಟ್’ ಮಾಡಿ, ಅವರಿಗೆ ಬೇಕಾದ ಫಿಲ್ಟರ್‌ಗಳನ್ನಷ್ಟೇ ಆರಿಸಿ ಉಳಿಸಿದರೆ ಎಲ್ಲವನ್ನೂ ಮೊದಲಿನಿಂದ ರಚಿಸುವ ಕೆಲಸ ತಪ್ಪುತ್ತದೆ.