ಉಪ್ಪು, ಸಕ್ಕರೆ ಮತ್ತು ಒಂದು ಎಲ್‌ಇಡಿ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿಗೆ ಕೆಮಿಸ್ಟ್ರಿ ಟ್ಯೂಷನ್ ಹೇಳಿಕೊಡುತ್ತೇನೆ. ಜಾಸ್ತಿ ಜನ ನಮ್ಮ ಕನ್ನಡದ ಮನೆಗಳವರೇ. 'ಸೋಡಿಯಂ ಒಂದು ಎಲೆಕ್ಟ್ರಾನ್ ಕೊಡುತ್ತೆ, ಕ್ಲೋರಿನ್ ತಗೊಳ್ಳುತ್ತೆ' ಅಂತ ಬಾಯಿಪಾಠ ಮಾಡಿಯೇ ಬಂದಿರುತ್ತಾರೆ. ಸರಿ, ಕೊಟ್ಟು ತಗೊಂಡು ಮುಗಿದ ಮೇಲೂ ಎರಡೂ ಯಾಕೆ ಅಂಟಿಕೊಂಡಿರಬೇಕು ಅಂತ ಕೇಳಿದರೆ ಎಲ್ಲರೂ ಗಪ್‌ಚುಪ್.

ಹಾಗಾಗಿ ಬೋರ್ಡಿಗೆ ಹೋಗುವ ಮೊದಲು ಒಂದು ಪ್ರಯೋಗ. 9 ವೋಲ್ಟ್ ಬ್ಯಾಟರಿ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಿಂದ ತಂದ ಎಲ್‌ಇಡಿ, ಜೊತೆಗೆ ಕರೆಂಟನ್ನು ತಡೆದು ಕಡಿಮೆ ಮಾಡುವ 330 ಓಮ್ ರೆಸಿಸ್ಟರ್. ಅದಿಲ್ಲದಿದ್ದರೆ ತಂತಿಗೆ ತಂತಿ ತಾಗಿದ ಕೂಡಲೇ ಎಲ್‌ಇಡಿ ಸುಟ್ಟುಹೋಗುತ್ತದೆ. ತಂತಿಗೆ ಸಿಕ್ಕಿಸಿ ನೀರಿಗೆ ಅದ್ದಲು ಎರಡೂ ತುದಿ ಚೂಪು ಮಾಡಿದ ಪೆನ್ಸಿಲ್‌ಗಳು. ಪೆನ್ಸಿಲ್ಲಿನ ಗ್ರಾಫೈಟ್‌ನಲ್ಲಿ ಒಂದೊಂದು ಕಾರ್ಬನ್ ಮೂರು ಕಾರ್ಬನ್‌ಗಳಿಗೆ ಕಟ್ಟಿಕೊಂಡಿರುತ್ತದೆ, ನಾಲ್ಕನೇ ಎಲೆಕ್ಟ್ರಾನ್ ಪದರದ ತುಂಬ ಓಡಾಡುತ್ತದೆ. ಅದಕ್ಕೇ ಕರೆಂಟ್ ಹರಿಯುತ್ತದೆ. ವಜ್ರದಲ್ಲಿ ನಾಲ್ಕೂ ಕಟ್ಟಿಹಾಕಿಕೊಂಡಿರುತ್ತವೆ, ಹರಿಯುವುದಿಲ್ಲ. ನೀರು ಮಾತ್ರ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರೇ ಆಗಬೇಕು. ನಲ್ಲಿ ನೀರಿನಲ್ಲಿ ಮೊದಲೇ ಲವಣ ಇರುತ್ತದೆ.

ಒಣ ಉಪ್ಪಿಗೆ ಪೆನ್ಸಿಲ್ ತಾಗಿಸಿದರೆ ಬೆಳಕಿಲ್ಲ. ಸಕ್ಕರೆ ನೀರಿಗೂ ಇಲ್ಲ. ಒಂದು ಚಮಚ ಉಪ್ಪು ಕದಡಿದರೆ ಎಲ್‌ಇಡಿ ಝಗ್ ಅಂತ ಹತ್ತುತ್ತದೆ.

ಈಗ ಪಾಠ ಸಲೀಸು. ಎಲೆಕ್ಟ್ರಾನ್ ಕಳಕೊಂಡ ಸೋಡಿಯಂ ಪ್ಲಸ್, ಪಡಕೊಂಡ ಕ್ಲೋರಿನ್ ಮೈನಸ್. ಹಿಡಿದಿಟ್ಟಿರುವುದು ಪ್ಲಸ್ಸಿಗೂ ಮೈನಸ್ಸಿಗೂ ನಡುವಿನ ಸೆಳೆತ, ಅದೇ ಬಂಧ. ಅದಕ್ಕೆ ಜೋಡಿ ಗೀಡಿ ಏನೂ ಗೊತ್ತಿಲ್ಲ: ಹರಳಿನೊಳಗೆ ಒಂದೊಂದು ಸೋಡಿಯಂ ಸುತ್ತ ಆರು ಕ್ಲೋರೈಡ್, ಒಂದೊಂದು ಕ್ಲೋರೈಡ್ ಸುತ್ತ ಆರು ಸೋಡಿಯಂ. ಉಪ್ಪಿನ 'ಅಣು' ಅಂತ ಒಂದನ್ನು ಎತ್ತಿ ತೋರಿಸಲು ಆಗುವುದಿಲ್ಲ. ಟೇಬಲ್ ಸಾಲ್ಟ್‌ನ ಕಾಳುಗಳನ್ನು ಭೂತಗನ್ನಡಿಯಲ್ಲಿ ನೋಡಿಸುತ್ತೇನೆ. ಪುಟ್ಟ ಪುಟ್ಟ ಚೌಕದ ಡಬ್ಬಿಗಳು! ಒಳಗಿನ ಜೋಡಣೆಯೇ ಹಾಗಿದೆ, ಹೊರಗೂ ಹಾಗೇ ಕಾಣುತ್ತದೆ. ನೀರಿಗೆ ಬಿದ್ದರೆ ಚಾರ್ಜ್ ಹೊತ್ತ ಈ ಕಣಗಳು, ಅಂದರೆ ಅಯಾನುಗಳು, ಬಿಡಿಬಿಡಿಯಾಗಿ ಓಡಾಡುತ್ತವೆ. ಸಕ್ಕರೆಯಲ್ಲಿ 12 ಕಾರ್ಬನ್, 22 ಹೈಡ್ರೋಜನ್, 11 ಆಕ್ಸಿಜನ್ ಎಲೆಕ್ಟ್ರಾನ್ ಜೋಡಿಗಳನ್ನು ಹಂಚಿಕೊಂಡು ಕೂತಿವೆ. ಅಮೆರಿಕದ ಕೆಮಿಸ್ಟ್ ಗಿಲ್ಬರ್ಟ್ ಲೂಯಿಸ್ 1916ರಲ್ಲಿ ಹೇಳಿದ್ದು ಈ ಹಂಚಿಕೆಯನ್ನೇ. ಕರಗಿದರೂ ಅಣು ಇಡಿಯಾಗಿಯೇ ಉಳಿಯುತ್ತದೆ, ಚಾರ್ಜ್ ಹೊರಲು ಯಾರೂ ಇಲ್ಲ.

ಅಷ್ಟರಲ್ಲಿ ಪೆನ್ಸಿಲ್ ತುದಿಯಲ್ಲಿ ಗುಳ್ಳೆ ಎದ್ದಿರುತ್ತದೆ. ಮೈನಸ್ ಕಡೆ ಹೈಡ್ರೋಜನ್, ಪ್ಲಸ್ ಕಡೆ ಕ್ಲೋರಿನ್, ಬ್ಲೀಚಿಂಗ್ ಪೌಡರಿನ ಘಾಟು. ಕಿಟಕಿ ತೆರೆದಿಟ್ಟು, ಬೇಗ ತಂತಿ ಬಿಚ್ಚಿಬಿಡಬೇಕು. ನನಗೆ ಇಷ್ಟವಾದ ಭಾಗ ಇದೇ. ಈ ಎರಡೂ ಧಾತುಗಳೇ, ಆದರೂ ಒಂಟಿ ಪರಮಾಣುಗಳಾಗಿ ಹೊರಗೆ ಬರಲಿಲ್ಲ. ತಮ್ಮ ತಮ್ಮಲ್ಲೇ ಒಂದು ಜೋಡಿ ಎಲೆಕ್ಟ್ರಾನ್ ಹಂಚಿಕೊಂಡು ಇಬ್ಬಿಬ್ಬರಾಗಿ ಬಂದವು. ಬಂಧ ಅಂದರೆ ಬರೀ ಸಂಯುಕ್ತಗಳದ್ದಲ್ಲ ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ಕೊನೆಗೆ ವಿನೆಗರ್. ಎಲ್‌ಇಡಿ ಮಿಣಮಿಣ ಅನ್ನುತ್ತದೆ. 'ಸರ್, ಇದನ್ನು ಯಾವ ಪಟ್ಟಿಗೆ ಬರೆಯೋದು, ಉಪ್ಪಿನ ಥರ ಅಯಾನುಗಳದ್ದಕ್ಕಾ, ಸಕ್ಕರೆ ಥರ ಹಂಚಿಕೆಯದ್ದಕ್ಕಾ?' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಹಂಚಿಕೆಯ ಪಟ್ಟಿಗೇ ಬರೀರಿ, ನೀರಿನಲ್ಲಿ ಅದರ ಸ್ವಲ್ಪ ಅಣುಗಳು ಮಾತ್ರ ಅಯಾನಾಗಿ ಒಡೆಯುತ್ತವೆ ಅಂತ ಪಕ್ಕದಲ್ಲಿ ಸೇರಿಸಿ ಅನ್ನುತ್ತೇನೆ.