ಕಾದು ಹೋದವರಿಗೊಂದು ಕಾಲಂ

ಜ್ಯೋತಿಯಿಂದ ಬಂಟ್ಸ್ ಹಾಸ್ಟೆಲ್, ಮಲ್ಲಿಕಟ್ಟೆ ದಾಟಿ ನಂತೂರಿನವರೆಗಿನ ರಸ್ತೆ. ಮಂಗಳೂರಿನಲ್ಲಿ ನನ್ನ ಸಂಚಾರ ಸಮೀಕ್ಷೆ ಶುರುವಾದದ್ದು ಇಲ್ಲಿಂದಲೇ. ಜ್ಯೋತಿ ಟಾಕೀಸು ಈಗ ಇಲ್ಲ, ವೃತ್ತಕ್ಕೆ ಅಂಬೇಡ್ಕರರ ಹೆಸರಿದೆ. ಆದರೂ ಕಂಡಕ್ಟರ್ ಕೂಗುವುದು ಜ್ಯೋತಿ ಅಂತಲೇ. ನಮ್ಮ ಫಾರಂನಲ್ಲೂ ಹಾಗೇ ಬರೆದುಕೊಂಡೆವು. ಜನರನ್ನು ಕೇಳುವಾಗ ಅವರ ಬಾಯಲ್ಲಿರುವ ಹೆಸರಲ್ಲೇ ಕೇಳಬೇಕು, ಅಲ್ವಾ?

ಮೊದಲ ಸಲ ತಪ್ಪು ಮಾಡಿದೆವು. ಮೇ ತಿಂಗಳಲ್ಲಿ ಎಣಿಸಲು ನಿಂತೆವು. ಮಳೆಯ ಕಾಟ ಇಲ್ಲ, ಎಣಿಸಲು ರಜೆಯಲ್ಲಿರುವ ಹುಡುಗರು ಸಿಗುತ್ತಾರೆ ಅಂತ. ಆದರೆ ಮೇ ತಿಂಗಳ ಮಂಗಳೂರೇ ಬೇರೆ. ಕಾಲೇಜು ಮುಚ್ಚಿರುತ್ತದೆ. ಮುಂಬೈಯವರು, ಗಲ್ಫಿನವರು ಊರಿಗೆ ಬಂದಿರುತ್ತಾರೆ. ಮದುವೆ ಒಂದು ಕಡೆ, ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ ಭೂತಗಳ ನೇಮ, ಯಕ್ಷಗಾನದ ಆಟ ಇನ್ನೊಂದು ಕಡೆ. ಕಾರು ಜಾಸ್ತಿ, ಬಸ್ಸಿನಲ್ಲಿ ಪುಸ್ತಕದ ಚೀಲ ಒಂದೂ ಇಲ್ಲ. ಆ ಹಾಳೆಗಳನ್ನು ಬದಿಗಿಟ್ಟು ಜುಲೈಯಲ್ಲಿ ಕೊಡೆ ಹಿಡಿದು ಮತ್ತೆ ನಿಂತೆವು.

ಎಣಿಸುವ ಕ್ರಮ ಸರಳ. ಹದಿನೈದು ನಿಮಿಷಕ್ಕೊಂದು ಸಾಲು, ಪ್ರತಿ ಬಗೆಯ ವಾಹನಕ್ಕೊಂದು ಕಾಲಂ. ನಾಲ್ಕು ಗೆರೆ, ಐದನೆಯದು ಅಡ್ಡ. ಆಮೇಲೆ ಎಲ್ಲವನ್ನೂ ಕಾರಿನ ಲೆಕ್ಕಕ್ಕೆ ತರಬೇಕು. ನಗರದ ರಸ್ತೆಗಳಿಗೆ ರಸ್ತೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಕೊಟ್ಟ ಕೋಷ್ಟಕದಲ್ಲಿ, ವಾಹನಗಳಲ್ಲಿ ಬಸ್ಸು, ಲಾರಿಗಳ ಪಾಲು ಶೇಕಡ 5 ಇದ್ದರೆ ಒಂದು ಬಸ್ಸು 2.2 ಕಾರಿಗೆ ಸಮ, ಶೇಕಡ 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ 3.7 ಕಾರಿಗೆ ಸಮ. ರಸ್ತೆಯಲ್ಲಿ ಎಷ್ಟು ಜಾಗ ಹೋಗುತ್ತದೆ ಅಂತ ನೋಡಲು ಈ ಲೆಕ್ಕ ಸರಿ. ಆದರೆ ಇದೊಂದನ್ನೇ ಹಿಡಿದುಕೊಂಡರೆ ಐವತ್ತು ಜನರನ್ನು ತುಂಬಿಕೊಂಡ ಬಸ್ಸೇ ರಸ್ತೆಗೆ ಭಾರ ಅನ್ನಿಸಿಬಿಡುತ್ತದೆ. ಅದಕ್ಕೆ ಬಸ್ಸಿನೊಳಗಿನ ತಲೆಯನ್ನೂ ಎಣಿಸಿದೆವು. "ದುಂಬು ಪೋಲೆ, ದುಂಬು ಪೋಲೆ" ಅನ್ನುತ್ತಾ ಕಂಡಕ್ಟರ್ ಜನರನ್ನು ಮುಂದೆ ಕಳಿಸುವಾಗ, ಎಷ್ಟು ಮಂದಿ ಇದ್ದಾರೆ ಅಂತ ಅವರಿಗೇ ಸರಿಯಾಗಿ ಗೊತ್ತು. ಸುಮ್ನೆ ಹೊರಗೆ ನಿಂತು ಅಂದಾಜು ಮಾಡುವ ಬದಲು ಅವರನ್ನೇ ಕೇಳಿದೆವು.

ರಾತ್ರಿಯ ಲೆಕ್ಕದಲ್ಲಿ ಮಾತ್ರ ನಾನು ಎಡವಿದೆ. ಎಂಟು ಗಂಟೆಯ ಮೇಲೆ ಬಸ್ಸಿನಲ್ಲಿ ಹತ್ತು ಹನ್ನೆರಡು ಜನ. ಜನ ಕಮ್ಮಿ, ಬಸ್ಸು ಸಾಕು ಅಂತ ವರದಿ ಬರೆಯಲು ಕೂತಿದ್ದೆ. ಒಂದು ದಿನ ಮಲ್ಲಿಕಟ್ಟೆಯ ಸ್ಟಾಪಿನಲ್ಲಿ ಮಳೆಗೆ ಸಿಕ್ಕಿಬಿದ್ದೆ. ಪಕ್ಕದಲ್ಲಿ ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡುವ ಒಬ್ಬರು ಅಕ್ಕ. ಕೈಯಲ್ಲಿ ಬುತ್ತಿಯ ಚೀಲ, ಚಪ್ಪಲಿ ಪೂರ್ತಿ ಒದ್ದೆ. ಎಂಟೂವರೆಯ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಅಂತ ಕೇಳಿದೆ.

"ಇವತ್ತು ಅದು ಬರ್ಲಿಕ್ಕಿಲ್ಲ ಸರ್. ಜನ ಇಲ್ಲ ಅಂತ ಟ್ರಿಪ್ ಕಟ್ ಮಾಡ್ತಾರೆ. ನಾವು ಆರು ಜನ ಇಲ್ಲೇ ನಿಂತಿದ್ದೇವಲ್ಲ?"

ಸ್ವಲ್ಪ ಹೊತ್ತಿಗೆ ಅವರಲ್ಲಿ ನಾಲ್ವರು ಒಂದು ರಿಕ್ಷಾ ಹಿಡಿದು ಹೋದರು. ಇಬ್ಬರು ನಡೆದರು. ನನ್ನ ಹಾಳೆಯಲ್ಲಿ ಈ ಆರು ಜನಕ್ಕೆ ಜಾಗವೇ ಇರಲಿಲ್ಲ. ಬಸ್ಸು ಹತ್ತಿದವರನ್ನು ಎಣಿಸಿದ್ದೆ, ಹತ್ತಲಾಗದವರನ್ನು ಎಣಿಸಿರಲಿಲ್ಲ. ಬಸ್ಸು ಬರುವುದಿಲ್ಲ ಅಂತ ಜನ ಕಮ್ಮಿ, ಜನ ಕಮ್ಮಿ ಅಂತ ಬಸ್ಸು ಇಲ್ಲ. ಇದು ಕಾಗದದಲ್ಲಿ ಕಾಣುವುದೇ ಇಲ್ಲ.

ಮರುದಿನವೇ ಫಾರಂಗೆ ಇನ್ನೊಂದು ಕಾಲಂ ಸೇರಿಸಿದೆ: ಕಾದು ಹೋದವರು. ನಡೆದು ಬರುವವರ ದಾರಿಯನ್ನೂ ಟೇಪು ಹಿಡಿದು ಅಳೆದೆವು. ಫುಟ್‌ಪಾತ್‌ನಲ್ಲಿ ಕಡಿಮೆ ಅಂದರೂ 1.8 ಮೀಟರ್ ನಡೆಯಲು ಬಿಡಬೇಕು ಅನ್ನುತ್ತದೆ ನಿಯಮ. ಕಂಬ, ನಿಲ್ಲಿಸಿದ ಸ್ಕೂಟರು ಕಳೆದರೆ ಎಷ್ಟೋ ಕಡೆ ಅದರ ಅರ್ಧವೂ ಸಿಗಲಿಲ್ಲ. ಕಾಂಕ್ರೀಟ್ ರಸ್ತೆ ಅಗಲ ಮಾಡಿದ್ದು ಒಳ್ಳೆಯದೇ, ಆದರೆ ಸ್ಟಾಪಿಗೆ ನಡೆದು ಬರಲು ಆಗದಿದ್ದರೆ ಬಸ್ಸಿಗೆ ಜನ ಬರುವುದಾದರೂ ಹೇಗೆ?

ಬಸ್ ಮಾಲಕರ ಜೊತೆ ಕೂತು ಆ ಹಾಳೆ ಮುಂದಿಟ್ಟೆ. ಅವರ ಮಾತಿನಲ್ಲೂ ನ್ಯಾಯ ಇತ್ತು. ಕೊನೆಯ ಟ್ರಿಪ್ಪಿಗೆ ಡೀಸೆಲ್ ಕಾಸೂ ಹುಟ್ಟುವುದಿಲ್ಲ, ಒಬ್ಬನೇ ಯಾಕೆ ನಷ್ಟ ಹೊರಬೇಕು ಅಂದರು. ಹಾಗಾದರೆ ಸರದಿ ಮಾಡಿ, ಒಂದು ವಾರ ಒಬ್ಬರ ಬಸ್ಸು ಓಡಲಿ, ಮುಂದಿನ ವಾರ ಇನ್ನೊಬ್ಬರದು ಅಂದೆ. ಚರ್ಚೆ ಜೋರಾಗಿಯೇ ನಡೆಯಿತು. ಕೊನೆಗೆ ಎರಡು ತಿಂಗಳು ನೋಡೋಣ ಅಂತ ಒಪ್ಪಿದರು.

ಮೊದಲ ವಾರ ಸೀಟು ಖಾಲಿ. ಬಸ್ಸು ಬಂದೇ ಬರುತ್ತದೆ ಅಂತ ಜನರಿಗೆ ನಂಬಿಕೆ ಹುಟ್ಟಲು ಸಮಯ ಬೇಕು ಅಂತ ಮೊದಲೇ ಹೇಳಿಟ್ಟಿದ್ದೆ. ಈಗ ಮೂರನೆಯ ವಾರ. ಎಂಟೂವರೆಗೆ ಆ ಕಾಲಂ ತುಂಬಿಸಲು ನಾನೇ ಹೋಗಿ ನಿಲ್ಲುತ್ತೇನೆ.