ಎದೆಯೊಳಗಿನ ಗಡ್ಡೆ: ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು ಮತ್ತು ನಂತರ

ಬೇರೆ ಯಾವುದೋ ಕಾರಣಕ್ಕೆ ಮಂಗಳೂರಿನಲ್ಲೋ ಮಣಿಪಾಲದಲ್ಲೋ ತೆಗೆಸಿದ ಎಕ್ಸ್-ರೇಯಲ್ಲಿ ಎದೆಯ ನಡುವೆ ನೆರಳು ಕಂಡಿದೆ ಎಂದಾಗ ಮನೆಯವರಿಗೆ ಮೊದಲು ಹೊಳೆಯುವುದು ಕ್ಯಾನ್ಸರ್. ಆದರೆ ಎರಡು ಶ್ವಾಸಕೋಶಗಳ ನಡುವಿನ ಆ ಜಾಗದಲ್ಲಿ ನಿರುಪದ್ರವಿ ಗಡ್ಡೆಗಳೂ ಹುಟ್ಟಿನಿಂದಲೇ ಬಂದ ನೀರುಗುಳ್ಳೆಗಳೂ ಇರುತ್ತವೆ. ಮೊದಲು ಮನೆಯ ಕಪಾಟಿನಲ್ಲಿರುವ ಹಳೆಯ ಫಿಲ್ಮುಗಳನ್ನು ಹುಡುಕಿ. ನಮ್ಮ ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿದ್ದರೂ ಎಸೆಯಬೇಡಿ. ಐದು ವರ್ಷದ ಹಿಂದೆಯೂ ಅದೇ ನೆರಳು ಅದೇ ಗಾತ್ರದಲ್ಲಿತ್ತು ಎಂದು ತಿಳಿದರೆ ವೈದ್ಯರ ನಿರ್ಧಾರವೇ ಬದಲಾಗಬಹುದು.

ಮುಂದಿನದು ರಕ್ತನಾಳಕ್ಕೆ ಮದ್ದು ಕೊಟ್ಟು ತೆಗೆಯುವ ಕಾಂಟ್ರಾಸ್ಟ್ ಸಿ.ಟಿ. ಸ್ಕ್ಯಾನ್. ಗಡ್ಡೆ ಎಲ್ಲಿದೆ ಎಂಬುದೇ ಅರ್ಧ ಉತ್ತರ: ಎದೆಮೂಳೆಯ ಹಿಂದೆ ಥೈಮಸ್ ಎಂಬ ರೋಗನಿರೋಧಕ ಗ್ರಂಥಿಯ ಗಡ್ಡೆ, ಕತ್ತಿನಿಂದ ಕೆಳಗಿಳಿದ ಥೈರಾಯ್ಡ್, ಟೆರಟೋಮಾ (ಸಂತಾನೋತ್ಪತ್ತಿಯ ಮೂಲ ಜೀವಕೋಶಗಳಿಂದ ಹುಟ್ಟುವ ಗಡ್ಡೆ) ಅಥವಾ ಲಿಂಫೋಮಾ (ದುಗ್ಧಗ್ರಂಥಿ ಅಂದರೆ ಲಿಂಫ್ ನೋಡ್‌ಗಳ ಕ್ಯಾನ್ಸರ್); ಶ್ವಾಸನಾಳದ ಬಳಿ ನೀರುಗುಳ್ಳೆ ಅಥವಾ ಊದಿದ ದುಗ್ಧಗ್ರಂಥಿ; ಬೆನ್ನೆಲುಬಿನ ಪಕ್ಕದಲ್ಲಿ ನರಗಳ ಗಡ್ಡೆ, ಈ ಕೊನೆಯದಕ್ಕೆ ಎಂ.ಆರ್.ಐ. ಕೂಡ ಬೇಕಾಗುತ್ತದೆ. ಯುವಕರಲ್ಲಿ ಮುಂಭಾಗದ ಗಡ್ಡೆ ಕಂಡರೆ ಕೆಲವು ಗಡ್ಡೆಗಳು ರಕ್ತಕ್ಕೆ ಬಿಡುವ ಗುರುತುಗಳನ್ನು ಅಳೆಯುವ ಎ.ಎಫ್.ಪಿ. ಮತ್ತು ಬೀಟಾ ಎಚ್.ಸಿ.ಜಿ. ರಕ್ತಪರೀಕ್ಷೆಗಳನ್ನು ಬಿಡಬಾರದು.

ಮನೆಯವರು ಮಾತ್ರ ಗಮನಿಸಬಲ್ಲ ಸಂಗತಿಯೊಂದಿದೆ. ಬೆಳಿಗ್ಗೆ ಸರಿಯಾಗಿದ್ದ ಕಣ್ಣಿನ ರೆಪ್ಪೆ ಸಂಜೆಗೆ ಜೋತುಬೀಳುವುದು, ಕುಚ್ಚಲಕ್ಕಿ ಅನ್ನ ಅಗಿಯುತ್ತಾ ಅಗಿಯುತ್ತಾ ದವಡೆ ಸೋಲುವುದು, ಒಂದು ವಸ್ತು ಎರಡಾಗಿ ಕಾಣುವುದು ನರದ ಆಜ್ಞೆ ಸರಿಯಾಗಿ ತಲುಪದೆ ಸ್ನಾಯುಗಳು ಬೇಗ ಸೋಲುವ ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆಯ ಲಕ್ಷಣಗಳಾಗಿರಬಹುದು, ಥೈಮಸ್ ಗಡ್ಡೆಯೊಂದಿಗೆ ಇದು ಆಗಾಗ ಜೊತೆಗೂಡುತ್ತದೆ. ಇದನ್ನು ಹೇಳದೆ ಆಪರೇಷನ್‌ಗೆ ಹೋದರೆ ಅರಿವಳಿಕೆಯ ನಂತರ ಉಸಿರಾಟವೇ ಕಷ್ಟವಾದೀತು. ಅಂಗಾತ ಮಲಗಿದಾಗ ಉಸಿರು ಕಟ್ಟುತ್ತಿದ್ದರೆ ಅದನ್ನೂ ಅರಿವಳಿಕೆ ವೈದ್ಯರಿಗೆ ತಪ್ಪದೆ ತಿಳಿಸಿ.

‘ಸೂಜಿ ಹಾಕಿ ನೋಡೋಣವೇ’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಲಿಂಫೋಮಾ ಅಥವಾ ಕ್ಷಯದ ಗ್ರಂಥಿ ಎಂಬ ಸಂಶಯವಿದ್ದರೆ ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು) ಅಗತ್ಯ, ಏಕೆಂದರೆ ಅವುಗಳಿಗೆ ಮದ್ದೇ ಮುಖ್ಯ, ಕತ್ತರಿಯಲ್ಲ. ಸುತ್ತಲೂ ಸ್ಪಷ್ಟ ಅಂಚಿರುವ ಸಣ್ಣ ಥೈಮಸ್ ಗಡ್ಡೆಯನ್ನಾದರೆ ಸಾಮಾನ್ಯವಾಗಿ ಚುಚ್ಚದೆ ಇಡಿಯಾಗಿಯೇ ತೆಗೆಯುತ್ತಾರೆ. ನಾಯಿಗಳಿಂದ ಹರಡುವ ಹುಳುವಿನಿಂದಾಗುವ ಹೈಡಾಟಿಡ್ ಗುಳ್ಳೆಯ ಸಂಶಯವಿದ್ದಲ್ಲಿ ಚುಚ್ಚುವುದೇ ಅಪಾಯ. ಹೃದಯದ ಹೊದಿಕೆಯಿಂದ ಹುಟ್ಟಿದ, ತೊಂದರೆ ಕೊಡದ ನೀರುಗುಳ್ಳೆಯನ್ನು ಸ್ಕ್ಯಾನ್ ಮಾಡುತ್ತಾ ಕಾಯುವುದೂ ಸರಿಯಾದ ಚಿಕಿತ್ಸೆಯೇ ಎಂಬುದನ್ನು ರೋಗಿಗಳು ಒಪ್ಪಿಕೊಳ್ಳಲು ಹಿಂಜರಿಯುತ್ತಾರೆ, ಹಿಂಜರಿಯಬೇಕಾಗಿಲ್ಲ.

ತೆಗೆಯಲೇಬೇಕಾದರೆ, ಪಕ್ಕೆಲುಬುಗಳ ನಡುವೆ ಎರಡು ಮೂರು ಸಣ್ಣ ರಂಧ್ರ ಮಾಡಿ ಕ್ಯಾಮೆರಾದ ನೆರವಿನಿಂದ ತೆಗೆಯಬಹುದು. ಗಡ್ಡೆ ದೊಡ್ಡ ರಕ್ತನಾಳಗಳಿಗೆ ಅಂಟಿದ್ದರೆ ಎದೆಮೂಳೆ ತೆರೆಯಬೇಕಾಗುತ್ತದೆ. ಬಿ.ಪಿ.ಎಲ್. ಕುಟುಂಬದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಮಂಗಳೂರಿನ ವೆನ್ಲಾಕ್ ಅಥವಾ ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ದಿನ ಗೊತ್ತುಪಡಿಸುವ ಮೊದಲೇ ವಿಚಾರಿಸಿ.

ಆಪರೇಷನ್ ನಂತರ ಎದೆಯಿಂದ ಬರುವ ನಳಿಕೆ ಮಂಚದ ಕೆಳಗಿನ ನೀರಿನ ಬಾಟಲಿಗೆ ಸೇರಿರುತ್ತದೆ, ಉಸಿರಿಗೆ ತಕ್ಕಂತೆ ಆ ನೀರು ಮೇಲೆ ಕೆಳಗೆ ಆಡುತ್ತದೆ. ನಡೆದಾಡಿಸುವಾಗ ಬಾಟಲಿಯನ್ನು ಎದೆಯ ಮಟ್ಟಕ್ಕಿಂತ ಮೇಲೆ ಎತ್ತಬಾರದು. ನೋವಿಗೆ ಹೆದರಿ ಕೆಮ್ಮದೆ ಮಲಗಿದರೆ ಕಫ ನಿಂತು ನ್ಯುಮೋನಿಯಾ ಆದೀತು. ದಿಂಬನ್ನು ಗಾಯಕ್ಕೆ ಒತ್ತಿ ಹಿಡಿದು ಕೆಮ್ಮಿಸಿ, ಉಸಿರೆಳೆದು ಚೆಂಡು ಏರಿಸುವ, ಮೂರು ಚೆಂಡುಗಳ ಸ್ಪೈರೋಮೀಟರನ್ನು ಎಚ್ಚರವಿರುವಾಗ ಗಂಟೆಗೊಮ್ಮೆ ಎಳೆಸಿ. ಮನೆಗೆ ಹೊರಡುವಾಗ, ತೆಗೆದ ಗಡ್ಡೆಯನ್ನು ಪರೀಕ್ಷಿಸಿದ ಪೆಥಾಲಜಿ ವರದಿ ಯಾವ ದಿನ ಬರುತ್ತದೆಂದು ಬರೆಸಿಕೊಳ್ಳಿ. ಥೈಮಸ್ ಗಡ್ಡೆ ಹಲವು ವರ್ಷಗಳ ನಂತರವೂ ಮರುಕಳಿಸಬಹುದಾದ್ದರಿಂದ ಮುಂದಿನ ಸ್ಕ್ಯಾನ್‌ಗಳ ದಿನಾಂಕಗಳನ್ನು ಆ ವರದಿ ನೋಡಿಯೇ ವೈದ್ಯರು ನಿಗದಿ ಮಾಡುತ್ತಾರೆ.